ಎಲ್ಲ ಮಾಡುವ ಯಂತ್ರ, ಹಾಗೇ ಉಳಿಯುವ ಕೆಲಸ

ಒಂದೂವರೆ ಲಕ್ಷ ರೂಪಾಯಿ ಕೊಟ್ಟು ಅಡುಗೆ ಯಂತ್ರ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಕೆಲವು ವರ್ಷಗಳ ಹಿಂದೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಹುಟ್ಟುತ್ತಲೇ ಇರಲಿಲ್ಲ. ಈಗ ಹುಟ್ಟುತ್ತಿದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆ, ಬೆಳಿಗ್ಗೆ ಎಂಟಕ್ಕೆ ಶಾಲೆಯ ವಾಹನ, ಒಂಬತ್ತಕ್ಕೆ ಕಚೇರಿ, ನಡುವೆ ಮೂರು ಡಬ್ಬಿ ತುಂಬಬೇಕು. ಇಂಥ ಮನೆಗೆ ‘ಎಲ್ಲವನ್ನೂ ಒಂದೇ ಯಂತ್ರ ಮಾಡುತ್ತದೆ’ ಎಂಬ ಮಾತು ಕಿವಿಗೆ ಹಿತವಾಗಿ ಕೇಳಿಸುವುದು ಸಹಜ. ಈ ಬಗೆಯ ಯಂತ್ರಗಳಲ್ಲಿ ಹೆಸರಾದದ್ದು ಜರ್ಮನಿಯ ವುಪರ್ಟಾಲ್ ನಗರದ ಫೋರ್ವರ್ಕ್ ಕಂಪನಿಯ ಥರ್ಮೋಮಿಕ್ಸ್. 1971ರಲ್ಲಿ ಮೊದಲ ಮಾದರಿ ಬಂತು. 2025ರಲ್ಲಿ ಬಂದ ಟಿಎಂ7 ಮಾದರಿಗೆ ಜರ್ಮನಿಯಲ್ಲಿ 1,549 ಯೂರೋ ಬೆಲೆ ಇಟ್ಟರು. ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅದು ತೂಗುತ್ತದೆ, ಕತ್ತರಿಸುತ್ತದೆ, ಪುಡಿ ಮಾಡುತ್ತದೆ, ರುಬ್ಬುತ್ತದೆ, ಹಿಟ್ಟು ನಾದುತ್ತದೆ, ಕುದಿಸುತ್ತದೆ, ಕದಡುತ್ತದೆ, ಹಬೆಯಲ್ಲಿ ಬೇಯಿಸುತ್ತದೆ. ಮುಂದೇನು ಹಾಕಬೇಕೆಂದು ಪರದೆಯ ಮೇಲೆ ತೋರಿಸುತ್ತದೆ. ಇದೇ ದಾರಿಯಲ್ಲಿ ಬೆಂಗಳೂರಿನ ನವೋದ್ಯಮಗಳೂ ಇದಕ್ಕಿಂತ ಕಡಿಮೆ ಬೆಲೆಯ ಅಡುಗೆ ಯಂತ್ರಗಳನ್ನು ಮಾರುಕಟ್ಟೆಗೆ ತಂದಿವೆ. ಯಂತ್ರ ಚೆನ್ನಾಗಿದೆಯೇ ಎಂಬುದು ನನ್ನ ಪ್ರಶ್ನೆಯಲ್ಲ. ಇವುಗಳ ಎಂಜಿನಿಯರಿಂಗ್ ಬಗ್ಗೆ ನನಗೆ ಗೌರವವಿದೆ. ಆದರೆ ಯಂತ್ರವು ಎಷ್ಟು ಬಗೆಯ ಕೆಲಸ ಮಾಡುತ್ತದೆ ಎಂದು ಎಣಿಸಿ ಬೆಲೆ ಕಟ್ಟುವ ಕ್ರಮವೇ ತಪ್ಪು. ನಮ್ಮ ಅಡುಗೆಮನೆಯಲ್ಲಿ ಯಾವ ಹೊತ್ತಿನ, ಯಾರ ದುಡಿಮೆಯನ್ನು ಅದು ಇಳಿಸುತ್ತದೆ ಎಂದು ಕೇಳಬೇಕು. ಹಾಗೆ ಕೇಳಿದರೆ, ನಾಲ್ಕೈದು ಜನರಿಗೆ ದಿನಕ್ಕೆ ಎರಡು ಮೂರು ಬಾರಿ ಅಡುಗೆಯಾಗುವ ಕನ್ನಡದ ಮನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ‘ಬೇಡ’ ಎಂದೇ ಬರುತ್ತದೆ.

ಕಾರಣ ಯಂತ್ರದ ರಚನೆಯಲ್ಲೇ ಇದೆ. ಇಷ್ಟೆಲ್ಲ ಕೆಲಸಕ್ಕೆ ಇರುವುದು ಒಂದೇ ಪಾತ್ರೆ. ಥರ್ಮೋಮಿಕ್ಸ್‌ನ ಪಾತ್ರೆಯ ಅಳತೆ 2.2 ಲೀಟರ್. ಅದರಲ್ಲಿ ಚಟ್ನಿ ಅರೆಯುವಾಗ ಸಾರು ಕುದಿಯುವುದಿಲ್ಲ. ಸಾರು ಕುದಿಯುವಾಗ ಚಪಾತಿ ಹಿಟ್ಟು ಕಲಸುವಂತಿಲ್ಲ. ಒಂದು ಮುಗಿಸಿ, ಬೇರೆ ಪಾತ್ರೆಗೆ ಬಗ್ಗಿಸಿ, ತೊಳೆದು, ಇನ್ನೊಂದನ್ನು ಶುರುಮಾಡಬೇಕು. ಯುರೋಪಿನ ಒಂದು ಸೂಪು, ಒಂದು ಸಾಸು, ಒಂದು ಕೇಕಿನ ಹಿಟ್ಟಿಗೆ ಈ ಕ್ರಮ ಸರಿಹೊಂದುತ್ತದೆ. ನಮ್ಮ ಊಟದ ಸ್ವಭಾವ ಬೇರೆ. ಅನ್ನ, ಸಾರು ಅಥವಾ ಹುಳಿ, ಒಂದು ಪಲ್ಯ, ಜತೆಗೆ ಚಟ್ನಿಯೋ ಕೋಸಂಬರಿಯೋ: ಇವೆಲ್ಲ ಒಟ್ಟಿಗೆ ತಟ್ಟೆಗೆ ಬರಬೇಕು, ಆದ್ದರಿಂದ ಒಟ್ಟಿಗೆ ನಡೆಯಬೇಕು. ಒಂದು ಒಲೆಯ ಮೇಲೆ ಕುಕ್ಕರ್ ವಿಷಲ್ ಹಾಕುತ್ತಿರುವಾಗ ಇನ್ನೊಂದರ ಮೇಲೆ ಬಾಣಲೆಯಲ್ಲಿ ಬೀನ್ಸ್ ಬೇಯುತ್ತದೆ, ಅತ್ತ ಮಿಕ್ಸಿಯಲ್ಲಿ ಮಸಾಲೆ ತಿರುಗುತ್ತದೆ. ಇದು ಅಡುಗೆ ಬಲ್ಲವರ ನಿಜವಾದ ಕೌಶಲ. ಮೂರು ಕೆಲಸಗಳನ್ನು ಅರ್ಧ ಗಂಟೆಯೊಳಗೆ ಹೆಣೆಯುವ ಈ ಕೌಶಲಕ್ಕೆ ಬೇಕಾದದ್ದು ಬೇರೆ ಬೇರೆ ಸಲಕರಣೆಗಳೇ. ಎಲ್ಲವನ್ನೂ ಒಂದರೊಳಗೆ ಸೇರಿಸಿದರೆ ಕೆಲಸಗಳು ಸಾಲಾಗಿ ನಿಂತು ತಮ್ಮ ಸರದಿಗೆ ಕಾಯಬೇಕಾಗುತ್ತದೆ. ಯಂತ್ರದ ಮೇಲೆ ಕೂರಿಸುವ ಹಬೆಯ ತಟ್ಟೆ ಇದೆಯಲ್ಲ ಎಂದು ಮಾರುವವರು ಹೇಳುತ್ತಾರೆ. ಇದೆ, ಅದರಿಂದ ಒಂದಷ್ಟು ಉಪಯೋಗವೂ ಇದೆ. ಕೆಳಗೆ ಸೂಪು ಕುದಿಯುವಾಗ ಮೇಲೆ ತರಕಾರಿ ಬೇಯುತ್ತದೆ. ಆದರೆ ಈ ಸೌಲಭ್ಯ ನಮಗೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಕುಕ್ಕರ್‌ನೊಳಗೆ ಒಂದರ ಮೇಲೊಂದು ಪಾತ್ರೆ ಇಟ್ಟು ಬೇಳೆ, ಅನ್ನ, ತರಕಾರಿಯನ್ನು ಒಟ್ಟಿಗೆ ಬೇಯಿಸುವುದು ಮನೆಮನೆಯ ರೂಢಿ. ಅದಕ್ಕೂ ಮೊದಲು, 1910ರಲ್ಲಿ, ಕಲ್ಕತ್ತೆಯ ಇಂದುಮಾಧವ ಮಲ್ಲಿಕ್ ಎಂಬವರು ಇದ್ದಿಲಿನ ಬಿಸಿಯಿಂದ ನಡೆಯುವ, ಪಾತ್ರೆಗಳನ್ನು ಅಂತಸ್ತುಗಳಾಗಿ ಜೋಡಿಸಿದ ಇಕ್ಮಿಕ್ ಕುಕ್ಕರ್ ರೂಪಿಸಿದ್ದರು. ಮನೆಯಿಂದ ದೂರವಿದ್ದು ಒಬ್ಬರೇ ಬೇಯಿಸಿಕೊಳ್ಳುವವರಿಗೆ, ಪ್ರಯಾಣ ಮಾಡುವವರಿಗೆ ಅದು ಒದಗಿಬಂತು. ಒಟ್ಟಿಗೆ ಬೇಯಿಸುವ ಬುದ್ಧಿ ನಮ್ಮಲ್ಲಿ ನೂರು ವರ್ಷಕ್ಕಿಂತ ಹಳೆಯದು. ಅದಕ್ಕೆ ಲಕ್ಷ ತೆರಬೇಕಿಲ್ಲ.

ಇನ್ನು, ನಮ್ಮ ಅಡುಗೆಯ ಕೆಲವು ಮುಖ್ಯ ಕೆಲಸಗಳು ಈ ಪಾತ್ರೆಯೊಳಗೆ ನಡೆಯುವುದೇ ಇಲ್ಲ. ದೋಸೆಗೆ ಕಾವಲಿ ಬೇಕು. ಅಕ್ಕಿರೊಟ್ಟಿ, ಜೋಳದ ರೊಟ್ಟಿಗೆ ತಟ್ಟುವ ಕೈ ಬೇಕು, ಹೆಂಚು ಬೇಕು. ರಾಗಿ ಮುದ್ದೆಯನ್ನು ಕೋಲಿನಲ್ಲಿ ಗಂಟಿಲ್ಲದಂತೆ ತಿರುವಿ, ಬಿಸಿಯಿರುವಾಗಲೇ ಕೈಯಲ್ಲಿ ಕಟ್ಟಬೇಕು. ಪೂರಿ, ಬೋಂಡ, ಹಪ್ಪಳ ಕರಿಯಲು ಎಣ್ಣೆ 170–180 ಡಿಗ್ರಿ ಸೆಲ್ಸಿಯಸ್ ಕಾಯಬೇಕು; ಯಂತ್ರದ ಗರಿಷ್ಠ ಬಿಸಿ 160. ಪಲ್ಯಕ್ಕೆ ಬೀನ್ಸ್ ಒಂದೇ ಅಳತೆಯಲ್ಲಿ ಹೆಚ್ಚಬೇಕು. ವೇಗವಾಗಿ ತಿರುಗುವ ಅಲಗು ಅದನ್ನು ನುಚ್ಚು ಮಾಡುತ್ತದೆ, ಒಂದೇ ಸಮ ಹೆಚ್ಚಬೇಕೆಂದರೆ ಪ್ರತ್ಯೇಕ ಬಿಡಿಭಾಗ ಕೊಳ್ಳಬೇಕು. ಇಡ್ಲಿಹಿಟ್ಟಿನ ವಿಷಯವಂತೂ ತಿಳಿದದ್ದೇ. ಉದ್ದಿನಬೇಳೆ ನಿಧಾನವಾಗಿ ಕಲ್ಲಿಗೆ ಕಲ್ಲು ತೀಡುತ್ತಾ ರುಬ್ಬಿದರೆ ಗಾಳಿ ತುಂಬಿ ಹಗುರಾಗಿ ಉಬ್ಬುತ್ತದೆ, ಹಿಟ್ಟು ತಣ್ಣಗೆ ಉಳಿಯುತ್ತದೆ. ಉಕ್ಕಿನ ಅಲಗು ವೇಗವಾಗಿ ತಿರುಗಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕೊಯಮತ್ತೂರಿನ ಗ್ರೈಂಡರ್‌ಗೆ ಭೌಗೋಳಿಕ ಗುರುತು ಸಿಕ್ಕಿದ್ದು ಸುಮ್ಮನೆ ಅಲ್ಲ. ಅಲ್ಲಿನ ಕಲ್ಲಿಗೂ ಅಲ್ಲಿನ ಕುಶಲಕರ್ಮಿಗಳಿಗೂ ಅದರಲ್ಲಿ ಪಾಲಿದೆ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಹೊಸ ಯಂತ್ರ ಬಂದ ಮೇಲೂ ಕಾವಲಿ, ಬಾಣಲೆ, ಕುಕ್ಕರ್, ಗ್ರೈಂಡರ್, ಒಗ್ಗರಣೆ ಸೌಟು ಎಲ್ಲವೂ ಕಟ್ಟೆಯ ಮೇಲೆ ಉಳಿಯುತ್ತವೆ. ಹಳೆಯದನ್ನು ತೆಗೆದು ಜಾಗ ಮಾಡಿಕೊಡುತ್ತದೆ ಎಂಬ ಭರವಸೆ ನಮ್ಮ ಮನೆಗಳಲ್ಲಿ ಈಡೇರುವುದಿಲ್ಲ.

ಇಲ್ಲಿ ಮಿಕ್ಸಿಯ ಚರಿತ್ರೆಯನ್ನು ನೆನೆಯಬೇಕು. 1960ರ ದಶಕದ ಆರಂಭದಲ್ಲಿ ಸೀಮೆನ್ಸ್ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಬ್ರೌನ್ ಮಿಕ್ಸರ್ ಕೆಟ್ಟಿತು. ಹಣ್ಣಿನ ರಸ, ಮೆತ್ತನೆಯ ಹಿಟ್ಟಿಗೆಂದು ಮಾಡಿದ ಮೋಟಾರು ಭಾರತೀಯ ಮಸಾಲೆಯ ಭಾರ ತಡೆಯಲಿಲ್ಲ. ಪತ್ನಿ ಮಾಧುರಿಯವರ ಒತ್ತಾಯಕ್ಕೆ ಅವರು ನಮ್ಮ ಅರೆಯುವ ಕೆಲಸಕ್ಕೆ ತಕ್ಕ ಮೋಟಾರು, ತಕ್ಕ ಅಲಗು ರೂಪಿಸಿದರು. 1963ರಲ್ಲಿ ಸ್ಥಾಪಿಸಿದ ಅವರ ಕಂಪನಿಯಿಂದ ಮುಂದೆ ಸುಮೀತ್ ಮಿಕ್ಸಿ ಬಂತು. ಅದು ಮನೆಮಾತಾಗಲು ಕಾರಣ ಅದು ಅನೇಕ ಕೆಲಸ ಮಾಡುತ್ತಿತ್ತೆಂದಲ್ಲ. ಅಡುಗೆಮನೆಯ ಅತಿ ಭಾರದ ಕೆಲಸವನ್ನು, ಒರಳಿನ ಮುಂದೆ ಕುಳಿತು ತೋಳು ಸೋಲುವಂತೆ ಅರೆಯುವ ಕೆಲಸವನ್ನು ಗುರುತಿಸಿ ನೇರ ಅದಕ್ಕೇ ಕೈಹಾಕಿತ್ತು. ಕುಕ್ಕರ್ ಗೆದ್ದದ್ದೂ ಹಾಗೆಯೇ: ಬೇಳೆ ಬೇಯುವ ಹೊತ್ತನ್ನೂ ಇಂಧನವನ್ನೂ ಕಡಿಮೆ ಮಾಡಿತು. ಎರಡೂ ಒಂದೊಂದೇ ಕಷ್ಟವನ್ನು ಹಿಡಿದು ಪೂರ್ತಿ ಬಗೆಹರಿಸಿದವು.

ಹಾಗಾದರೆ ಇಂದು ಉಳಿದಿರುವ ಭಾರ ಯಾವುದು? ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಕೈಹಾಕುವ ಗಂಡಸರ ಲೆಕ್ಕ ಮಾತ್ರ. ಗಂಡಸರಲ್ಲಿ ಹೆಚ್ಚಿನವರು ಆ ಲೆಕ್ಕದೊಳಗೇ ಇಲ್ಲ. ಸುಮಾರು ಐದು ಗಂಟೆಯ ಈ ದುಡಿಮೆಯಲ್ಲಿ ಕದಡುವುದು, ಕುದಿಸುವುದು ಎಷ್ಟು? ಸಾರು ಕುದಿಯುವಾಗ ಯಾರೂ ಅದರ ಮುಂದೆ ನಿಂತಿರುವುದಿಲ್ಲ. ಸೊಪ್ಪು ಬಿಡಿಸಿ ಮಣ್ಣು ಹೋಗುವಂತೆ ನಾಲ್ಕು ನೀರಿನಲ್ಲಿ ತೊಳೆಯುವುದು, ಅವರೆಕಾಳು ಸುಲಿದು ಹಿಸುಕುವುದು, ತೆಂಗಿನಕಾಯಿ ಒಡೆದು ತುರಿಯುವುದು, ಸಣ್ಣ ಈರುಳ್ಳಿಯ ಸಿಪ್ಪೆ ತೆಗೆಯುವುದು, ಬದನೆಯಲ್ಲಿ ಹುಳ ನೋಡುವುದು, ಬೇಳೆ ಆರಿಸುವುದು, ನಾಳೆಗೇನು ಎಂದು ಇವತ್ತೇ ಯೋಚಿಸಿ ಕಾಳು ನೆನೆಹಾಕುವುದು, ತಿಂದ ಮೇಲೆ ಪಾತ್ರೆ ತಿಕ್ಕಿ ಕಟ್ಟೆ ಒರೆಸುವುದು: ಹೊತ್ತು ತಿನ್ನುವ ಕೆಲಸಗಳು ಇವು. ಇವುಗಳಲ್ಲಿ ಹೆಚ್ಚಿನವನ್ನು ಲಕ್ಷದ ಯಂತ್ರ ಮುಟ್ಟುವುದಿಲ್ಲ. ಒಲೆಗೆ ಮುಂಚಿನ ಕೆಲಸವೂ ಒಲೆಯ ನಂತರದ ಕೆಲಸವೂ ಇದ್ದಲ್ಲೇ ಇರುತ್ತವೆ. ನಡುವಿನ, ಅಷ್ಟಾಗಿ ದಣಿಸದ ಭಾಗವನ್ನು ಮಾತ್ರ ಅದು ವಹಿಸಿಕೊಳ್ಳುತ್ತದೆ. ಅದರ ಮೇಲೆ ಅಲಗು, ಮುಚ್ಚಳ, ಹಬೆಯ ತಟ್ಟೆಗಳನ್ನು ತೊಳೆಯುವುದು ಹೊಸದಾಗಿ ಸೇರುತ್ತದೆ.

ಯಂತ್ರ ಬಂದರೆ ಮನೆಗೆಲಸದ ಹೊತ್ತು ತಾನಾಗಿ ಇಳಿಯುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ವಿದ್ವಾಂಸರು ಐವತ್ತು ವರ್ಷಗಳ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದಾರೆ. 1974ರಲ್ಲಿ ಜೋಆನ್ ವಾನೆಕ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ತೋರಿಸಿದಂತೆ, ಹೊರಗೆ ಉದ್ಯೋಗವಿಲ್ಲದ ಅಮೆರಿಕನ್ ಗೃಹಿಣಿ 1920ರ ದಶಕದಲ್ಲಿ ವಾರಕ್ಕೆ ಸುಮಾರು 52 ಗಂಟೆ ಮನೆಗೆಲಸ ಮಾಡುತ್ತಿದ್ದಳು. ವಾಷಿಂಗ್ ಮೆಷಿನ್, ಫ್ರಿಜ್, ಗ್ಯಾಸ್ ಒಲೆ ಎಲ್ಲ ಬಂದ ಮೇಲೆ, 1960ರ ದಶಕದಲ್ಲಿ, ಅದು 55ರ ಹತ್ತಿರವಿತ್ತು. ರುತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಕಾರಣ ವಿವರಿಸಿದರು. ಯಂತ್ರ ಮೈಭಾರವನ್ನು ಇಳಿಸಿತು, ಆದರೆ ಹಿಂದೆ ಗಂಡಸರು, ಮಕ್ಕಳು, ಕೆಲಸದವರು ಹಂಚಿಕೊಳ್ಳುತ್ತಿದ್ದ ದುಡಿಮೆಯೂ ಒಬ್ಬಳ ಮೇಲೆಯೇ ಬಂತು. ಅಚ್ಚುಕಟ್ಟಿನ ನಿರೀಕ್ಷೆಯೂ ಏರಿತು. ನಮ್ಮಲ್ಲೂ ಇದನ್ನು ಕಾಣಬಹುದು. ಮಿಕ್ಸಿ ಇದೆಯೆಂದು ದೋಸೆಗೆ ಎರಡು ಬಗೆಯ ಚಟ್ನಿಯಾಯಿತು, ವಾಷಿಂಗ್ ಮೆಷಿನ್ ಇದೆಯೆಂದು ಒಂದು ದಿನ ತೊಟ್ಟ ಬಟ್ಟೆಯೆಲ್ಲ ಅದೇ ದಿನ ಒಗೆಯುವುದಾಯಿತು. ಪರದೆಯಲ್ಲಿ ಸಾವಿರಾರು ಅಡುಗೆಗಳ ಪಟ್ಟಿ ಇಟ್ಟುಕೊಂಡ ಯಂತ್ರ ಬಂದರೆ ನಿರೀಕ್ಷೆ ಇನ್ನೂ ಒಂದು ಮೆಟ್ಟಿಲು ಏರದೆ ಇರದು.

ಇಷ್ಟಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪರದೆ ದಾರಿ ತೋರಿಸುವುದರಿಂದ ಅಡುಗೆ ಬಾರದ ಗಂಡನೂ ಹದಿಹರೆಯದ ಮಗನೂ ಅಡುಗೆ ಮಾಡಬಲ್ಲರು. ಕೆಲಸ ಕಡಿಮೆಯಾಗದಿದ್ದರೂ ಹಂಚಿಹೋಗುತ್ತದೆ. ಹಂಚಿಹೋದರೆ ಒಂದೂವರೆ ಲಕ್ಷವೂ ಕಡಿಮೆಯೇ ಎಂಬ ವಾದವಿದು. ಇದು ನಿಜವಾಗುವ ಮನೆಗಳು ಖಂಡಿತ ಇವೆ. ಉಪ್ಪು ಎಷ್ಟು, ನೀರು ಎಷ್ಟು ಎಂಬ ಅಂಜಿಕೆಯಿಂದಲೇ ದೂರ ನಿಂತವರಿಗೆ ಗ್ರಾಂ ಲೆಕ್ಕದಲ್ಲಿ ತೂಗಿ ಹೇಳುವ ಯಂತ್ರ ಧೈರ್ಯ ಕೊಡುತ್ತದೆ. ಆದರೂ ಈ ವಾದ ಇಡೀ ಸಮಾಜಕ್ಕೆ ಅನ್ವಯಿಸುವಾಗ ಕುಂಟುತ್ತದೆ. ಅನ್ನದ ಎಲೆಕ್ಟ್ರಿಕ್ ಕುಕ್ಕರ್‌ಗಿಂತ ಸುಲಭದ ಯಂತ್ರ ಇನ್ನೊಂದಿಲ್ಲ: ಅಕ್ಕಿ, ನೀರು, ಒಂದು ಗುಂಡಿ. ಅಡುಗೆ ಕಲಿಸುವ ವಿಡಿಯೊಗಳು ಕನ್ನಡದಲ್ಲೇ, ಅಂಗೈಯಲ್ಲೇ, ಬಿಟ್ಟಿಯಾಗಿ ಸಿಗುತ್ತವೆ. ಇಷ್ಟು ಸಲೀಸಾದ ಮೇಲೂ 289 ಮತ್ತು 88ರ ನಡುವಿನ ಅಂತರ ಮುಚ್ಚಿಲ್ಲ. ಅಂದಮೇಲೆ ಅಡ್ಡಿ ಇರುವುದು ತಿಳಿವಳಿಕೆಯ ಕೊರತೆಯಲ್ಲಲ್ಲ, ಇದು ನನ್ನ ಕೆಲಸವಲ್ಲ ಎಂಬ ಎಣಿಕೆಯಲ್ಲಿ. ವಾರಕ್ಕೆ ಮೂರು ದಿನ ಬೆಳಗಿನ ಅಡುಗೆ ತನ್ನದು ಎಂದು ಗಂಡ ಮೊದಲೇ ಒಪ್ಪಿ, ಎರಡು ತಿಂಗಳು ಇರುವ ಸಲಕರಣೆಯಲ್ಲೇ ನಡೆಸಿ ತೋರಿಸಿದ ಮನೆಯಲ್ಲಿ ಯಂತ್ರ ಕೊಳ್ಳುವ ಮಾತಿಗೆ ತೂಕವಿರುತ್ತದೆ. ಯಂತ್ರ ಬಂದಮೇಲೆ ಮಾಡುತ್ತೇನೆ ಎಂಬ ಮಾತನ್ನು ನಂಬಿ ದುಡ್ಡು ಹಾಕಬಾರದು.

ದುಡ್ಡಿನ ಲೆಕ್ಕವನ್ನೂ ನೇರವಾಗಿ ಮಾಡೋಣ. ಒಂದೂವರೆ ಲಕ್ಷದ ಯಂತ್ರ ಎಂಟು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 18,750 ರೂಪಾಯಿ. ಒಂದು ದಿನವೂ ಬಿಡದೆ ಬಳಸಿದರೆ ದಿನಕ್ಕೆ 51 ರೂಪಾಯಿ. ವಾರಕ್ಕೆ ಎರಡೇ ಸಲವಾದರೆ ಪ್ರತಿ ಬಳಕೆಗೆ 180 ರೂಪಾಯಿ. ಪರದೆಯ ಅಡುಗೆಪಟ್ಟಿಯ ಚಂದಾ, ವಿದ್ಯುತ್ತು, ರಿಪೇರಿ ಬೇರೆ. ಅದೇ ಹಣದಲ್ಲಿ ಒಳ್ಳೆಯ ಮಿಕ್ಸಿ, ಟೇಬಲ್ ಗ್ರೈಂಡರ್, ಎರಡು ಅಳತೆಯ ಕುಕ್ಕರ್, ಒಂದು ಇಂಡಕ್ಷನ್ ಒಲೆ ಕೊಂಡರೂ ಇಪ್ಪತ್ತೈದು ಸಾವಿರ ದಾಟುವುದು ಕಷ್ಟ. ಮೇಲೆ ಮೂವತ್ತು ನಲವತ್ತು ಸಾವಿರಕ್ಕೆ ಪಾತ್ರೆ ತೊಳೆಯುವ ಯಂತ್ರ ಬರುತ್ತದೆ. ನನ್ನನ್ನು ಕೇಳಿದರೆ ದುಡಿಯುವ ಮನೆಗೆ ಮೊದಲು ಬರಬೇಕಾದ ಯಂತ್ರ ಅದು, ಏಕೆಂದರೆ ಯಾರಿಗೂ ಬೇಡವಾದ ಕೆಲಸವನ್ನು ಅದು ತೆಗೆದುಕೊಳ್ಳುತ್ತದೆ. ಇನ್ನೂ ಉಳಿದ ಹಣ ಅಡುಗೆಗೆ ಬರುವ ಹೆಂಗಸಿನ ಸಂಬಳವನ್ನು ನ್ಯಾಯವಾಗಿ ಏರಿಸಲು, ವಾರಕ್ಕೊಂದು ರಜೆ ಕೊಡಲು ಸಾಕಾಗುತ್ತದೆ. ಫೋನಿಗೆ ಲಕ್ಷ ಸುರಿಯುವವರು ಅಡುಗೆಮನೆಗೆ ಬಂದಾಗ ಮಾತ್ರ ಲೆಕ್ಕ ಹಾಕುತ್ತಾರೆ, ಇದು ಹೆಣ್ಣಿನ ದುಡಿಮೆಯ ಬಗೆಗಿನ ಅಸಡ್ಡೆ ಎಂದು ಕೆಲವರು ಹೇಳಬಹುದು. ಆ ಸಿಟ್ಟಿನಲ್ಲಿ ನ್ಯಾಯವಿದೆ. ಅಡುಗೆಮನೆಗೆ ಲಕ್ಷ ಖರ್ಚು ಮಾಡುವುದು ದುಂದು ಎಂದು ನಾನು ಹೇಳುತ್ತಿಲ್ಲ. ಖರ್ಚಾಗುವ ಆ ಲಕ್ಷ ದಣಿವಿರುವ ಜಾಗಕ್ಕೆ ತಲುಪಲಿ ಎನ್ನುತ್ತಿದ್ದೇನೆ.

ಕೆಟ್ಟರೆ ಏನು ಎಂಬುದೂ ಬೆಲೆಯ ಭಾಗವೇ. ಮಿಕ್ಸಿ ಕೆಟ್ಟರೆ ಆ ದಿನ ಚಟ್ನಿ ಇರುವುದಿಲ್ಲ, ಊಟ ನಿಲ್ಲುವುದಿಲ್ಲ. ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಕಾರ್ಬನ್ ಬ್ರಷ್, ಕಪ್ಲರ್ ಬದಲಿಸಿ ಸಂಜೆಗೆ ಕೊಡುವ ಅಂಗಡಿಯಿದೆ. ಎಲ್ಲವೂ ಒಂದರಲ್ಲೇ ಇದ್ದರೆ ಒಂದು ಬೋರ್ಡು ಸುಟ್ಟಾಗ ಎಲ್ಲವೂ ನಿಲ್ಲುತ್ತದೆ. ಅಂತರ್ಜಾಲದ ಮೇಲೆ ಅವಲಂಬಿಸಿದ ಯಂತ್ರಗಳಿಗೆ ಇನ್ನೊಂದು ತೊಡಕಿದೆ. ನೀರಿನಲ್ಲಿ ಮುಳುಗಿಸಿ ಬೇಯಿಸುವ ಸಲಕರಣೆ ಮಾಡುವ ಅನೋವಾ ಕಂಪನಿ 2024ರಲ್ಲಿ ಹೊಸ ಬಳಕೆದಾರರು ಆ್ಯಪ್‌ಗೆ ಚಂದಾ ಕೊಡಬೇಕೆಂದಿತು, ತನ್ನ ಹಳೆಯ ಮಾದರಿಗಳಿಗೆ ಆ್ಯಪ್ ಸಂಪರ್ಕ ನಿಲ್ಲಿಸುವುದಾಗಿಯೂ ಹೇಳಿತು. ಕೆನಡಾದಲ್ಲಿ ಹುಟ್ಟಿ ಜಗತ್ತಿನಾದ್ಯಂತ ಮಾರಾಟವಾದ ಇನ್‌ಸ್ಟಂಟ್ ಪಾಟ್‌ನ ಕಂಪನಿ 2023ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು; ಆ ಪಾತ್ರೆ ಗುಂಡಿ ಒತ್ತಿದರೆ ನಡೆಯುವಂಥದ್ದಾದ್ದರಿಂದ ಕೊಂಡವರ ಮನೆಯಲ್ಲಿ ಅಡುಗೆ ನಿಲ್ಲಲಿಲ್ಲ. ಸುರಕ್ಷತೆಯ ಪಾಠವೂ ಒಂದಿದೆ. ಥರ್ಮೋಮಿಕ್ಸ್‌ನ ಹಳೆಯ ಟಿಎಂ31 ಮಾದರಿಯಿಂದ ಬಿಸಿ ಪದಾರ್ಥ ಚಿಮ್ಮಿ ಸುಟ್ಟಗಾಯಗಳಾದ ಪ್ರಕರಣಗಳನ್ನು ನಿಗದಿತ ಅವಧಿಯಲ್ಲಿ ಸರ್ಕಾರಕ್ಕೆ ತಿಳಿಸಲಿಲ್ಲ, ಗ್ರಾಹಕರಿಗೆ ದಾರಿ ತಪ್ಪಿಸುವ ಮಾತು ಹೇಳಿತು ಎಂಬ ಕಾರಣಕ್ಕೆ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2018ರಲ್ಲಿ ಅಲ್ಲಿನ ಮಾರಾಟ ಕಂಪನಿಗೆ 46 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಿಂತ ಹೆಚ್ಚು ದಂಡ ಹಾಕಿತು. ಕುದಿಯುವುದೂ ವೇಗವಾಗಿ ತಿರುಗುವುದೂ ಒಂದೇ ಪಾತ್ರೆಯಲ್ಲಿ ಸೇರಿದಾಗ ಮುಚ್ಚಳದ ಬಿಗಿ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ಎಚ್ಚರ ಸಡಿಲಿಸುವಂತಿಲ್ಲ.

ಯಾರು ಕೊಳ್ಳಬಹುದು ಎಂದರೆ ಕೆಲವರನ್ನು ನಾನು ಸಂಕೋಚವಿಲ್ಲದೆ ಹೆಸರಿಸುತ್ತೇನೆ. ಸಂಧಿವಾತದಿಂದ ಕೈಬೆರಳು ಮಡಚಲಾಗದವರು, ಒಲೆಯ ಮುಂದೆ ನಿಲ್ಲಲಾಗದ ಹಿರಿಯರು, ದೃಷ್ಟಿ ಮಂದವಾಗಿ ಬೆಂಕಿಯ ಭಯವಿರುವವರು: ಇವರಿಗೆ ತಾವೇ ಬೇಯಿಸಿಕೊಂಡು ಉಣ್ಣುವ ಸ್ವಾತಂತ್ರ್ಯವನ್ನು ಕೊಡುವ ಯಂತ್ರವನ್ನು ನಿಮಿಷದ ಲೆಕ್ಕದಲ್ಲಿ ಅಳೆಯಬಾರದು. ಒಬ್ಬರೇ ಇರುವವರಿಗೆ, ಒಂದು ಪಾತ್ರೆಯ ಊಟ ಸಾಕೆನ್ನುವ ದಂಪತಿಗೆ ಸರದಿಯ ತೊಡಕು ಅಷ್ಟಾಗಿ ಕಾಡುವುದಿಲ್ಲ. ಬಿಸಿಬೇಳೆ ಬಾತು, ಪೊಂಗಲ್, ಕಿಚಡಿ ಅದರಲ್ಲಿ ಹದವಾಗಿ ಆಗುತ್ತವೆ. ಜರ್ಮನಿಯಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆಸಿದ ಕನ್ನಡಿಗರ ಲೆಕ್ಕವೂ ಬೇರೆ: ಅಲ್ಲಿ ಮನೆಗೆಲಸಕ್ಕೆ ಜನ ಸಿಗುವುದು ದುಬಾರಿ, ಯಂತ್ರದ ಸರ್ವಿಸ್ ಹತ್ತಿರ, ಸಂಪಾದನೆಯ ಎದುರು ಬೆಲೆ ಹಗುರ. ಅವರ ಮಾತು ಕೇಳಿ ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಇರುವವರು ತೀರ್ಮಾನಕ್ಕೆ ಬರಬೇಕಿಲ್ಲ.

ಉಳಿದವರು ಕೊಳ್ಳುವ ಮುನ್ನ ಒಂದು ವಾರ ಅಡುಗೆಮನೆಯ ಹೊತ್ತನ್ನು ಬರೆದಿಡಲಿ: ಯಾವ ಕೆಲಸ, ಎಷ್ಟು ನಿಮಿಷ, ಯಾರು. ಯಂತ್ರ ವಹಿಸಿಕೊಳ್ಳುವ ಸಾಲುಗಳಿಗೆ ಗುರುತು ಹಾಕಿ ಕೂಡಿಸಿದರೆ ಉತ್ತರ ಕಾಗದದ ಮೇಲೇ ಸಿಗುತ್ತದೆ. ಇಂಥ ಯಂತ್ರಗಳನ್ನು ಹೆಚ್ಚಾಗಿ ಮನೆಗೆ ಬಂದು ಮಾಡಿ ತೋರಿಸಿ ಮಾರುತ್ತಾರೆ. ಐಸ್‌ಕ್ರೀಮಿನಂಥ ಸಿಹಿ, ಬ್ರೆಡ್ಡಿನ ಹಿಟ್ಟು, ಟೊಮೆಟೊ ಸೂಪು ಅವರ ಆಯ್ಕೆ. ಅದರ ಬದಲು ಅನ್ನ, ಬಸ್ಸಾರು, ಪಲ್ಯ, ಚಪಾತಿ ಇರುವ ಒಂದು ಸಾಧಾರಣ ಮಂಗಳವಾರದ ಅಡುಗೆಯನ್ನು ನಾಲ್ಕು ಜನಕ್ಕೆ ಮಾಡಿ ತೋರಿಸಿ ಎಂದು ಕೇಳಬೇಕು, ಗಡಿಯಾರ ನೋಡಬೇಕು, ಕೊನೆಗೆ ಎಷ್ಟು ಪಾತ್ರೆ ಮುಸುರೆಗೆ ಬಿತ್ತು ಎಣಿಸಬೇಕು. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ನಮ್ಮ ಊರಿಗೆ ಸರ್ವಿಸ್‌ನವರು ಬರುತ್ತಾರೆಯೇ, ಇಂಟರ್‌ನೆಟ್ ಇಲ್ಲದೆ ಎಷ್ಟು ಕೆಲಸ ನಡೆಯುತ್ತದೆ, ಚಂದಾ ನಿಲ್ಲಿಸಿದರೆ ಏನೇನು ನಿಲ್ಲುತ್ತದೆ ಎಂಬುದನ್ನು ಬಿಲ್ಲಿನ ಜತೆಗೆ ಬರಹದಲ್ಲಿ ಪಡೆಯಬೇಕು. ಬೆಂಗಳೂರಿನಲ್ಲೇ ಯಂತ್ರ ರೂಪಿಸುತ್ತಿರುವ ಎಂಜಿನಿಯರುಗಳಿಗೂ ಒಂದು ಕೋರಿಕೆ ಸಲ್ಲಬೇಕು. ಕದಡುವ ಕೈ ನಮ್ಮಲ್ಲಿ ಸಾಕಷ್ಟಿದೆ. ಒಂದು ಕಟ್ಟು ದಂಟಿನ ಸೊಪ್ಪನ್ನು ಮಣ್ಣು ಬಿಟ್ಟು ತೊಳೆಯುವ, ಅರ್ಧ ಸೇರು ಅವರೆಕಾಳನ್ನು ಹಿಸುಕುವ, ಎಣ್ಣೆಜಿಡ್ಡಿನ ಬಾಣಲೆಯನ್ನು ತಿಕ್ಕುವ ಯಂತ್ರವನ್ನು ಹತ್ತು ಹದಿನೈದು ಸಾವಿರಕ್ಕೆ ಕೊಟ್ಟರೆ ಕೊಳ್ಳುವವರು ಪ್ರತಿ ಬೀದಿಯಲ್ಲೂ ಇದ್ದಾರೆ.